ಇಸೋಲಿನಾಳಿಗೆ ಹೊದಿಸಿದ ಬಟ್ಟೆ

ನೆಸ್ತಾನ್ ಜಾರ್ಜಿಯಾ ದೇಶದ ಹುಡುಗಿ. ಚಿತ್ರಕಲೆಯನ್ನೂ ನಮ್ಮ ಇಟಾಲಿಯನ್ ಭಾಷೆಯನ್ನೂ ಕಲಿಯಲೆಂದು ಪೆರೂಜಾಕ್ಕೆ ಬಂದು, ನನ್ನ ಪಕ್ಕದ ಮನೆಯ ಇಸೋಲಿನಾಳ ಹತ್ತಿರ ಒಂದು ಕೋಣೆ ಹಿಡಿದಿದ್ದಳು. ಇಸೋಲಿನಾ ಮತ್ತು ನಾನು ಚಾಕೊಲೇಟ್ ಕಾರ್ಖಾನೆಯಲ್ಲಿ ಎದುರುಬದುರು ಕೂತು ಕಾಗದ ಸುತ್ತುತ್ತಲೇ ಮುದುಕಿಯರಾದವರು. ನಮ್ಮಿಬ್ಬರ ಅಡುಗೆಮನೆಗಳ ನಡುವೆ ಇರುವುದು ತೆಳು ಗೋಡೆ. ಆ ಕಡೆ ಚಮಚ ಬಿದ್ದರೆ ಈ ಕಡೆ ಕೇಳುತ್ತದೆ. ಹಾಗಾಗಿ ಆ ದಿನ ನಡೆದದ್ದರಲ್ಲಿ ಸ್ವಲ್ಪವನ್ನು ಕಿವಿಯಾರೆ ಕೇಳಿದ್ದೇನೆ, ಮಿಕ್ಕಿದ್ದನ್ನು ಅವರಿಬ್ಬರೇ ನನಗೆ ಹೇಳಿದ್ದಾರೆ.

ಬೆಳಿಗ್ಗೆ ಹಾಲುಕಾಫಿಗೆ ಬಿಸ್ಕತ್ತು ಅದ್ದುತ್ತ ನೆಸ್ತಾನ್ ಅಂದಳು, "ಅಡುಗೆಮನೆ ಇವತ್ತು ಬೆಚ್ಚಗಿದ್ದಾನೆ."

"ಇದ್ದಾನಾ? ನನ್ನ ಅಡುಗೆಮನೆಗೂ ಮೀಸೆ ಬರಿಸ್ಬಿಟ್ಯಲ್ಲೇ! ಅಡುಗೆಮನೆ ಹೆಂಗಸು ಕಣೇ. ಈ ಮನೇಲಿ ಗಂಡಸು ಅಂತ ಇದ್ದೋನು ಒಬ್ನೇ, ಅವ್ನೂ ಹೋದ."

ನಮ್ಮಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು. ಅವಳ ಭಾಷೆಯಲ್ಲಿ ಮನುಷ್ಯರನ್ನು ಕರೆಯುವಾಗಲೂ ಅವನು ಅವಳು ಎಂಬ ಭೇದವಿಲ್ಲವಂತೆ. ಪಾಪ, ದಿನಕ್ಕೆ ಎಷ್ಟೋ ಸಲ ಎಡವುತ್ತಿದ್ದಳು. ಇಸೋಲಿನಾ ತಮಾಷೆ ಮಾಡಿದರೂ ಪ್ರೀತಿಯಿಂದಲೇ ತಿದ್ದುತ್ತಿದ್ದಳು.

"ಮಧ್ಯಾಹ್ನ ನಾನಿರಲ್ಲ, ಕೆಲಸಕ್ಕೆ ಹೋಗ್ತೀನಿ."

"ಏನು ಕೆಲಸ, ಸಿನ್ಯೋರಾ?"

"ಸುಮ್ನೆ ನಿಂತ್ಕೊಳ್ಳೋ ಕೆಲಸ" ಎಂದು ಇಸೋಲಿನಾ ನಕ್ಕಳು.

ಅಂದಿನ ಭಾಷಾ ಪಾಠದಲ್ಲಿ ಮನಸ್ಸಿನ ಭಾವಗಳಿಗೆ ಇರುವ ಮಾತುಗಳನ್ನು ಕಲಿಸಿದರು. ಸಂಕಟ ಎಂಬ ಅರ್ಥದ ಒಂದು ಪದ ನೆಸ್ತಾನ್‌ಗೆ ಬಹಳ ಹಿಡಿಸಿತು. ಮೆಟ್ಟಿಲು ಇಳಿಯುತ್ತ ಅದನ್ನೇ ಬಾಯಿಪಾಠ ಮಾಡಿಕೊಂಡಳು.

ಮಧ್ಯಾಹ್ನ ಚಿತ್ರಶಾಲೆ. ಮೇಷ್ಟ್ರು ತಾನ್‌ಕ್ರೇದಿ ಮೊದಲ ಬಾರಿಗೆ ವಿದ್ಯಾರ್ಥಿಗಳಿಂದ ಬೆತ್ತಲೆ ಮೈಯನ್ನು ಬರೆಸುವವರಿದ್ದರು. ನೆಸ್ತಾನ್ ಇದ್ದಿಲು ಹಿಡಿದು ಸಿದ್ಧಳಾಗಿ ನಿಂತಿದ್ದಾಗ ಪರದೆಯ ಹಿಂದಿನಿಂದ ಒಂದು ಕಂದು ನಿಲುವಂಗಿ ಹೊರಬಂತು. ದಿನವೂ ಮನೆಯ ಬಚ್ಚಲಿನ ಬಾಗಿಲ ಹಿಂದೆ ನೇತಾಡುವ ನಿಲುವಂಗಿ ಅದು. ಒಳಗಿದ್ದವಳು ಇಸೋಲಿನಾ! ನೆಸ್ತಾನ್‌ಳನ್ನು ಕಂಡು ಅವಳು ಕಣ್ಣು ಮಿಟುಕಿಸಿದಳು.

ಪಕ್ಕದಲ್ಲಿದ್ದ ಬೆಲ್ಜಿಯಂನ ಹುಡುಗಿ ಕೇಳಿದಳು, "ನಿಂಗೆ ಗೊತ್ತಾ ಅವ್ರು?"

"ಇಲ್ಲ" ಎಂದುಬಿಟ್ಟಳು ನೆಸ್ತಾನ್.

ಕೋಣೆ ಚಿಕ್ಕದು. ಆ ಮಾತು ಇಸೋಲಿನಾಳಿಗೆ ಕೇಳಿಸಿತು. ಆದರೂ ಅವಳು ನಿಲುವಂಗಿ ಕಳಚಿ, ಒಂದು ಕೈಯನ್ನು ಸೊಂಟದ ಮೇಲಿಟ್ಟು ನಿಂತಳು. ಅವಳಿಗೆ ಎಡ ಮೊಲೆ ಇರಲಿಲ್ಲ. ಅದರ ಜಾಗದಲ್ಲಿ ಕಂಕುಳಿನವರೆಗೆ ಒಂದು ಉದ್ದನೆಯ ಗಾಯದ ಕಲೆ.

ನೆಸ್ತಾನ್ ಬೆಳಿಗ್ಗೆ ತನಗೆ ಬಿಸ್ಕತ್ತು ಕೊಟ್ಟ ಕೈಯನ್ನು ಹೇಗೋ ಬರೆದಳು. ಮುಖ ಬರೆದಳು. ಕತ್ತಿನಿಂದ ಕೆಳಗೆ ಕಣ್ಣು ಇಳಿಯಲೇ ಒಲ್ಲದು. ಕೊನೆಗೆ ಕಲ್ಪನೆಯಿಂದಲೇ ಒಂದು ಬಟ್ಟೆ ತಂದು, ಚಿತ್ರದಲ್ಲಿ ಕತ್ತಿನಿಂದ ಪಾದದವರೆಗೆ ಹೊದಿಸಿಬಿಟ್ಟಳು. ನಿರಿಗೆಗಳನ್ನು ಮಾತ್ರ ಬಹಳ ಶ್ರದ್ಧೆಯಿಂದ ಬರೆದಳು.

ಕೆಲಸ ಮುಗಿದ ಮೇಲೆ ಎಲ್ಲರ ಚಿತ್ರಗಳನ್ನೂ ನೋಡಿ ಹೋಗುವುದು ಇಸೋಲಿನಾಳ ರೂಢಿ. ನೆಸ್ತಾನ್‌ಳ ಹಲಗೆಯ ಮುಂದೆ ಯಾರೋ, "ಸನ್ಯಾಸಿನಿ ಮಾಡ್ಬಿಟ್ಟಿದಾಳೆ ನೋಡ್ರೋ" ಎಂದು ನಕ್ಕರು. ಇಸೋಲಿನಾ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿದಳು.

"ಬಟ್ಟೆ ಚೆನ್ನಾಗಿ ಬಂದಿದೆ, ಸಿನ್ಯೋರೀನಾ" ಎಂದು ಅಪರಿಚಿತಳಿಗೆ ಹೇಳುವ ಹಾಗೆ ಹೇಳಿ ಹೊರಟುಹೋದಳು.

ನೆಸ್ತಾನ್ ಕತ್ತಲಾಗುವವರೆಗೂ ಕೋಟೆಗೋಡೆಯ ಪಕ್ಕದ ಬೀದಿಗಳಲ್ಲಿ ಸುತ್ತಿದಳು. ಕ್ಷಮೆ ಕೇಳಲು ಒಂದು ವಾಕ್ಯ ಕಟ್ಟಿಕೊಂಡಳು. ಬರಿಯ ಕ್ಷಮಿಸಿ ಎಂದರೆ ಸಾಲದು ಎನಿಸಿ, ಬೆಳಿಗ್ಗೆ ಕಲಿತ ಆ ಸಂಕಟದ ಪದವನ್ನೂ ಸೇರಿಸಿದಳು.

ಮನೆಯಲ್ಲಿ ಎರಡು ತಟ್ಟೆ ಹಾಕಿತ್ತು. ಬೇಳೆಯ ಸೂಪು, ಹಂಚಿನ ರೊಟ್ಟಿ. ನೆಸ್ತಾನ್ ಕೂರದೆ, ಕೈಕಟ್ಟಿ ನಿಂತು ತನ್ನ ವಾಕ್ಯ ಹೇಳಿದಳು. ಗೋಡೆಯ ಈ ಕಡೆ ನನ್ನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಅವಳು ಹೇಳಹೊರಟದ್ದು "ನನಗೆ ಸಂಕಟವಾಗಿದೆ" ಎಂದು. ಬಾಯಿಂದ ಬಂದದ್ದು "ನಿಮ್ಮನ್ನ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ" ಎಂದು.

"ಪಾಪ ಅನ್ಸುತ್ತಾ?" ಎಂದಳು ಇಸೋಲಿನಾ. ಆಮೇಲೆ ಅವಳ ಕೋಣೆಯ ಬಾಗಿಲು ಮುಚ್ಚಿದ ಸದ್ದು.

ಮರುಕ್ಷಣ ಹುಡುಗಿ ನನ್ನ ಬಾಗಿಲಲ್ಲಿದ್ದಳು. "ಸಿನ್ಯೋರಾ ದೆಲ್ಫಾ, ನಾನು ಏನು ಹೇಳಿದೆ? ಏನು ತಪ್ಪು ಹೇಳಿದೆ?"

ಕೂರಿಸಿ, ಆ ಸಂಕಟದ ಪದವನ್ನೇ ಇನ್ನೊಬ್ಬರಿಗೆ ಸೇರಿಸಿ ಹಾಗೆ ಹೇಳಿದರೆ ನಮ್ಮಲ್ಲಿ ಕನಿಕರ ಎಂಬ ಅರ್ಥ ಬರುತ್ತದೆಂದು ಹೇಳಿದೆ. ಕೇಳಿ ಅವಳು ಕುತ್ತಿಗೆಯ ವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡಳು. ಅದರೊಳಗಿಂದಲೇ ಮಧ್ಯಾಹ್ನದ ಕಥೆಯೆಲ್ಲ ಹೊರಬಂತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ನೋಡು ಮಗಾ" ಅಂದೆ, "ಆಪರೇಷನ್ ಆದ್ಮೇಲೆ ಅವ್ಳು ಬಚ್ಚಲಿನ ಕನ್ನಡೀನ ಕಿತ್ತು ತಂದು ನಂಗೆ ಕೊಟ್ಬಿಟ್ಟಿದ್ಳು. ತನ್ನ ಮೈನ ತಾನೇ ನೋಡ್ಕೊಳ್ತಿರ್ಲಿಲ್ಲ. ಆಮೇಲೊಂದಿನ ಆ ಮೇಷ್ಟ್ರು ಬೇಕರಿ ಸಾಲಲ್ಲಿ ಸಿಕ್ಕಿ, ಚಿತ್ರ ಬರೆಯೋಕೆ ಬಂದು ನಿಲ್ತೀರಾ ಅಂತ ಕೇಳಿದ್ರಂತೆ. ನಾನೇ ಬೇಡ ಅಂದಿದ್ದೆ, ಊರೆಲ್ಲಾ ನಗುತ್ತೆ ಅಂತ. ಹೋದ್ಳು. ವಾಪಸ್ ಬಂದೋಳೇ 'ದೆಲ್ಫಾ, ನನ್ ಕನ್ನಡಿ ಕೊಡೇ' ಅಂದ್ಳು."

ನೆಸ್ತಾನ್ ವಸ್ತ್ರದಿಂದ ಮುಖ ಒರೆಸಿಕೊಂಡಳು. ಎದ್ದು ಹೋಗಿ ಇಸೋಲಿನಾಳ ಬಾಗಿಲು ತಟ್ಟಿದಳು. ಈ ಸಲ ಯಾವ ವಾಕ್ಯವನ್ನೂ ಕಟ್ಟಿಕೊಂಡಿರಲಿಲ್ಲ.

"ಸಿನ್ಯೋರಾ, ನಂಗೆ ನಾಚಿಕೆ. ನಿಮ್ಮಿಂದ ಅಲ್ಲ. ನನ್ನಿಂದ."

"ಬಾಗಿಲ ಹತ್ರ ಯಾಕೆ ಮಾತಾಡ್ತೀಯ? ಒಳಗೆ ಬಾ."

ಒಳಗೆ ಏನಾಯಿತೆಂದು ಇಸೋಲಿನಾ ಆಮೇಲೆ ಹೇಳಿದಳು. ಹುಡುಗಿ ನೆಲ ನೋಡುತ್ತ ನಿಂತಿದ್ದಳಂತೆ. ಇವಳು, "ಬಟ್ಟೆ ಹೊದಿಸಿದ್ದಕ್ಕೆ ಬೇಜಾರಿಲ್ಲ ಕಣೇ, ಮೊದಲ್ನೇ ಸಲ ಎಷ್ಟೋ ಜನ ಕಾಲ್ಬೆರಳನ್ನೇ ಬರೀತಾ ಕೂರ್ತಾರೆ. ಗೊತ್ತಿಲ್ಲ ಅಂದ್ಯಲ್ಲ, ಅದು ಚುಚ್ಚಿತು. ಮೈ ನಂದು. ನಾಚ್ಕೋಬೇಕಾದ್ರೆ ನಾನು ನಾಚ್ಕೊಳ್ತೀನಿ, ನೀನ್ಯಾಕೆ?" ಅಂದಳಂತೆ. ಆ ರಾತ್ರಿ ಸೂಪನ್ನು ಯಾರೂ ಬಿಸಿ ಮಾಡಲಿಲ್ಲ.

ಮುಂದಿನ ವಾರ ನೆಸ್ತಾನ್ ಚಿತ್ರಶಾಲೆಗೆ ಹೋದಳು. ಬೆಲ್ಜಿಯಂನ ಹುಡುಗಿಗೆ ಎಲ್ಲರೂ ಕೇಳುವಂತೆ, "ನಾನು ಇರೋದು ಇವರ ಮನೆಯಲ್ಲಿ. ಅವತ್ತು ಸುಳ್ಳು ಹೇಳಿದೆ" ಎಂದಳು. ಆಮೇಲೆ ಇಸೋಲಿನಾಳನ್ನು ನೆತ್ತಿಯಿಂದ ಪಾದದವರೆಗೆ, ಕಲೆಯನ್ನೂ ಬಿಡದೆ ಬರೆದಳು. ಚಿತ್ರವೇನೂ ಚೆನ್ನಾಗಿರಲಿಲ್ಲ.

"ಮೂಗು ನಂದಲ್ಲ, ಇದು ದೆಲ್ಫಾಳ್ದು" ಎಂದು ಇಸೋಲಿನಾ ತಕರಾರು ಮಾಡಿದಳು. ಎಲ್ಲರೂ ನಕ್ಕರು. ನೆಸ್ತಾನ್ ಮಾತ್ರ ನಗಲಿಲ್ಲ. ಆಮೇಲೂ ಎಷ್ಟೋ ದಿನ ಊಟವಾದ ಮೇಲೆ ಇಸೋಲಿನಾಳಿಗೆ ಮುಖ ಕೊಡಲಾಗದೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳಂತೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ ನೀರಿನ ಸದ್ದು ನನ್ನ ಅಡುಗೆಮನೆಗೂ ಕೇಳುತ್ತಿತ್ತು.