ಯಾರದೂ ಅಲ್ಲದ ಶನಿವಾರ

ಸಿಟ್ಟು ಮಾಡುವುದು ನನಗೆ ಬರುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಸದ್ದಿಲ್ಲದೆ ಸೂಪು ಕುಡಿಯುವತನಕ ಎಲ್ಲ ಕಲಿಸಿದರು, ಅದೊಂದನ್ನು ಬಿಟ್ಟು. ಹಾಗಾಗಿ ಸಿಟ್ಟು ಬಂದರೆ ಡಬ್ಬಿಗಳ ಮುಚ್ಚಳ ಒರೆಸುತ್ತೇನೆ. ಹೋದ ತಿಂಗಳು ನಮ್ಮ ಅಡಿಗೆಮನೆಯ ಮುಚ್ಚಳಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಕಾರಣ ಒಂದು ಕಲ್ಲು. ಹಳೇ ಗೋವಾದ ಓಣಿಯೊಂದರಲ್ಲಿ ಬಹಳ ಹಿಂದೆ ಯಹೂದಿಗಳ ಪ್ರಾರ್ಥನಾಮಂದಿರ ಇತ್ತಂತೆ. ಈಗ ಉಳಿದದ್ದು ಪಾಯದ ನಾಲ್ಕು ಕೆಂಪು ಕಲ್ಲು, ಒಂದು ಗೇರುಮರ. ಅಲ್ಲೊಂದು ಸ್ಮಾರಕಫಲಕ ನೆಡಬೇಕೆಂದು ಪಕ್ಕದ ಕೊರ್ಲಿಮ್‌ನ ನಮ್ಮ ಕಾಲೊನಿಯ ಗಂಡಸರು ಸಮಿತಿ ಮಾಡಿದರು. ನಮ್ಮನೆಯವರೇ ಕಾರ್ಯದರ್ಶಿ. ಅಂದರೆ ಸಭೆ ನಮ್ಮ ಪಡಸಾಲೆಯಲ್ಲಿ, ಚಹಾ ನನ್ನದು.

ದಿನ ಆರಿಸುವಾಗ ಅವರ ಸೌಜನ್ಯ ನೋಡಬೇಕಿತ್ತು. ರವಿವಾರ ಬೇಡ, ಓಣಿಯವರೆಲ್ಲ ಇಗರ್ಜಿಗೆ ಹೋಗುತ್ತಾರೆ. ಶುಕ್ರವಾರ ಬೇಡ, ಮ್ಹಾಪಸಾ ಸಂತೆ. ಮೇಲಾಗಿ ಸಮಿತಿಯ ಖಾನ್ ಸಾಹೇಬರಿಗೆ ನಮಾಜು. ಸೋಮವಾರ ಅಧ್ಯಕ್ಷ ದೇಸಾಯಿಯವರ ಒಪ್ಪತ್ತು.

"ಶನಿವಾರ ಇಡ್ರಿ, ಅದು ಯಾರದೂ ಅಲ್ಲ," ಎಂದರು ದೇಸಾಯಿಯವರು. ಒಂಬತ್ತರಿಂದ ಹತ್ತೂವರೆ ರಾಹುಕಾಲ, ಆದ್ದರಿಂದ ಹನ್ನೊಂದಕ್ಕೆ.

ಚಹಾದ ಟ್ರೇ ಹಿಡಿದುಕೊಂಡೇ ಕೇಳಿದೆ, "ಶನಿವಾರ ಯಹೂದಿಗಳ ಸಬ್ಬತ್ ಅಲ್ಲೇನ್ರಿ?" ಬೈಬಲ್ ಪರೀಕ್ಷೆಯ ಮೊದಲ ಬಹುಮಾನ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

"ಇಲ್ಲಿ ಯಾರದಾರ ವೈನಿ ಯಹೂದಿಗಳು?" ಎಂದರು ಅಧ್ಯಕ್ಷರು.

ಇದ್ದರಲ್ಲ! ನಮ್ಮ ಕೆಳಗಿನ ಮನೆಯ ಸಾರಾಬಾಯಿ. ಬೆಳಗಾವಿಯಲ್ಲಿ ನರ್ಸ್ ಆಗಿದ್ದವರು, ಎಂಬತ್ತು ದಾಟಿದೆ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ದೀಪ ಹಚ್ಚಿದರೆಂದರೆ ಮರುದಿನ ನಕ್ಷತ್ರ ಮೂಡುವವರೆಗೆ ವಾಹನ ಹತ್ತುವುದಿಲ್ಲ. "ಕಣ್ಣು ಇರೋದ್ರಾಗ ಆ ಜಾಗಾದಾಗ ನಾಕು ಮಂದಿ ಕೂಡಿ ನಿಂತದ್ದು ನೋಡಬೇಕವ್ವಾ," ಎಂದು ವರ್ಷಗಳಿಂದ ಹೇಳುತ್ತಿದ್ದವರೇ ಅವರು. ಅದನ್ನು ಕೇಳಿಯೇ ಸಮಿತಿ ಹುಟ್ಟಿದ್ದು. ಅವರ ಹೆಸರು ನೆನಪಿಸಿದೆ.

"ಹೌದಲ್ಲ! ಏಸಿ ಕಾರ್ ಕಳಸ್ತೀವಿ. ಬಾಯಿ ಅವರೇನು ಕೆಲಸಾ ಮಾಡಬೇಕಾಗೇದ, ಸುಮ್ಮ ಕೂಡೂದು," ಎಂದರು ದೇಸಾಯಿಯವರು.

"ಹಂಗಾರ ರಾಹುಕಾಲದಾಗ ನೀವೂ ಸುಮ್ಮ ಕೂಡಬಹುದಲ್ರಿ!" ಎಂದೆ. ಎಂದೆ ಎಂದರೆ, ಅಡಿಗೆಮನೆಗೆ ಬಂದು ಮುಚ್ಚಳಕ್ಕೆ ಎಂದೆ.

ಸಾರಾಬಾಯಿಯ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣದವರು. ಶನಿವಾರ ಗಾಣ ಮುಟ್ಟುತ್ತಿರಲಿಲ್ಲವೆಂದು ಊರವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದು, ಶುಕ್ರವಾರವೇ ಎಣ್ಣೆ ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಶಾಲೆ ಕಾಣದ ಊರಿಗೆ ಹೊಳೆದದ್ದು ಮೂವರು ಇಂಜಿನಿಯರುಗಳಿದ್ದ ಸಮಿತಿಗೆ ಹೊಳೆಯಲಿಲ್ಲ.

"ಪತ್ರಿಕಿ ಛಾಪಿಸ್ಯಾಗೇದ, ಈಗೇನ್ ಮಾಡ್ಲಿ?" ಎಂದರು ನಮ್ಮನೆಯವರು, ವಾರ ಬಿಟ್ಟು ನಾನು ಇದನ್ನು ಹೇಳಿದಾಗ.

ಶನಿವಾರ ಭಾಷಣಗಳು ಭರ್ಜರಿ ನಡೆದವಂತೆ. ನಾನು ತಲೆನೋವೆಂದು ಮನೆಯಲ್ಲುಳಿದೆ. ನನ್ನ ಬಂಡಾಯದ ಅಳತೆ ಅಷ್ಟೇ.

ರವಿವಾರ ಬೆಳಿಗ್ಗೆ ಸಾರಾಬಾಯಿಯನ್ನು ರಿಕ್ಷಾದಲ್ಲಿ ಕರೆದೊಯ್ದೆ. ಬಾಡಿದ ಹಾರ, ಕಾಗದದ ತಟ್ಟೆ, ಗೇರುಮರದ ಕೆಳಗೆ ಫಲಕ. ಇಗರ್ಜಿ ಬಿಟ್ಟು ಬರುತ್ತಿದ್ದ ಓಣಿಯವರು ಮುದುಕಿಯನ್ನು ಕಂಡು ಒಬ್ಬೊಬ್ಬರಾಗಿ ನಿಂತರು. ಯಾರೋ ಕುರ್ಚಿ ತಂದರು. ಅವರು ಕೂಡಲಿಲ್ಲ. ಬೆರಳಿಟ್ಟು ಓದಿದರು: ಮಂತ್ರಿಗಳು, ಅಧ್ಯಕ್ಷರು, ನಮ್ಮನೆಯವರು, ಕಲ್ಲು ಕೊಟ್ಟವರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ತಾರೀಖಿನ ಜೊತೆಗೆ ವಾರವನ್ನೂ ಕೆತ್ತಿಸಿದ್ದರು, ಪುಣ್ಯಾತ್ಮರು! ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಸಾರಾಬಾಯಿ ಆ ಒಂದು ಶಬ್ದವನ್ನು ಸೆರಗಿನಿಂದ ಒರೆಸಿದರು.

"ಇಷ್ಟೆಲ್ಲಾ ಬರದದ್ರಾಗ ನಮ್ಮದು ಅಂತ ಇದೊಂದ ಅದ ನೋಡು," ಎಂದು ಸುತ್ತ ನಿಂತವರಿಗೆಲ್ಲ ತೋರಿಸಿದರು.