ಅಜ್ಜಿ ಬೇಡ ಅಂದ ಜಾಗ

ಜರಗನಹಳ್ಳಿಯ ಮನೆಗಳಿಗೆ ಇನ್ನೂ ಹಿತ್ತಲು ಅಂತ ಒಂದು ಇದ್ದ ಕಾಲ ಅದು. ಹಿಂಬಾಗಿಲು ತೆಗೆದರೆ ಕರಿಬೇವು, ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು. ಸೀಗೆಕಾಯಿ ವಾಸನೆ, ಹಂಡೆ ಒಲೆಯ ಹೊಗೆ. ಬೇಸಿಗೆ ರಜ ಬಂತೆಂದರೆ ನಾವು ಹುಡುಗರು ಅಲ್ಲೇ ಗೋಲಿ ಆಡಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು, ಹಲ್ಲು ಜುಮ್ ಅನ್ನಿಸಿಕೊಂಡು ಒಳಗೆ ಬರುತ್ತಿದ್ದೆವು.

ಆ ಮನೆ ಅಜ್ಜಿಯದು, ನಮ್ಮಮ್ಮನ ತಾಯಿಯದು. ಅಪ್ಪ ಕನಕಪುರದ ಕಡೆಯಿಂದ ಮನೆಅಳಿಯನಾಗಿ ಬಂದವರು. ಗೂಡ್ಸ್ ಆಟೋ ಓಡಿಸುತ್ತಿದ್ದರು. ಯಾರ ಹಂಗೂ ಬೇಡ ಅನ್ನುವ ಮನುಷ್ಯ, ಆದರೆ ಮಲಗುವುದು ಅತ್ತೆಯ ಸೂರಿನ ಕೆಳಗೆ. ಅದು ಅವರನ್ನು ಒಳಗೊಳಗೇ ಚುಚ್ಚುತ್ತಿತ್ತು. ಸಾಲದ್ದಕ್ಕೆ ಆ ವರ್ಷವೇ ಹಿತ್ತಲನ್ನು ಅಮ್ಮನಿಗೂ ಅವಳ ತಮ್ಮನಿಗೂ ಭಾಗ ಮಾಡಿ, ನಡುವೆ ಒಂದು ಕಲ್ಲು ನೆಟ್ಟಿದ್ದರು.

ಅಜ್ಜಿಗೆ ನೈದಿಲೆ ಅಂದರೆ ಪ್ರಾಣ. ಕೆರೆ ನೀರು ಕೆಡ್ತಾ ಇದೆ ಅಂತ ಒಂದು ಗೆಡ್ಡೆ ತಂದು ಹಳೇ ಬಾನಿಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ನೋಡಿ ಅಪ್ಪನೇ, "ಹಿತ್ತಲಲ್ಲಿ ಒಂದು ಚಿಕ್ಕ ಕೊಳ ಮಾಡಿಬಿಡೋಣ" ಅಂದರು. ಆ ಮನೆಗೆ ಅವರ ಕೈಯದೂ ಒಂದು ಇರಲಿ ಅನ್ನುವ ಆಸೆ ಅಂತ ಈಗ ಅನ್ನಿಸುತ್ತದೆ.

ಎಲ್ಲಿ ತೋಡುವುದು ಅನ್ನುವುದೇ ಚರ್ಚೆ. ಅಮ್ಮ ಗಾರ್ಮೆಂಟ್ಸಿಗೆ ಹೊರಡುವ ಆತುರದಲ್ಲಿದ್ದಳು.

"ಒಗೆಯೋ ಕಲ್ಲಿನ ಹತ್ರ ಮಾಡ್ರೀ, ನೀರು ತುಂಬೋಕೆ ಸುಲಭ."

"ಸೋಪಿನ ನೀರಿಗೆ ಹೂ ಬಿಡ್ತದೇನೇ?"

"ಹಂಗಾದ್ರೆ ನಿಮ್ಮ ಆಟೋದಲ್ಲಿ ಮಾಡ್ಕೊಳ್ಳಿ," ಅಂದು ಬಸ್ಸಿಗೆ ಓಡಿದಳು.

ಪಕ್ಕದ ಬಾಡಿಗೆ ಮನೆಯ ಅಂಕಲ್, ನೀರು ಈಶಾನ್ಯದಲ್ಲಿದ್ದರೆ ಒಳ್ಳೇದು ಅಂದರು. ಆ ಮೂಲೆ ಗಡಿಕಲ್ಲಿನ ಪಕ್ಕದಲ್ಲೇ ಇತ್ತು. ಬಿರುಬೇಸಿಗೆಯಲ್ಲೂ ಅಲ್ಲಿ ಹುಲ್ಲು ಹಸಿರಾಗಿತ್ತು. ಅಪ್ಪ ಹಿಮ್ಮಡಿ ಊರಿ ನೋಡಿದರು. "ನೋಡ್ಲಾ, ನೆಲ ಹೆಂಗೆ ಮೆತ್ತಗೈತೆ! ನೀರು ನಿಲ್ಲೋದು ಇಲ್ಲೇ."

ಅಜ್ಜಿ ಅಳಿಯನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಹಿಂದೆ ನಿಂತು ನನ್ನ ಕೈಲಿ ಹೇಳಿಸುತ್ತಿದ್ದಳು. ಅವತ್ತೂ ನನ್ನನ್ನು ಕರೆದು ಪಿಸುಗುಟ್ಟಿದಳು. "ಅಲ್ಲಿ ಬೇಡ ಅನ್ನು ನಿಮ್ಮಪ್ಪಂಗೆ. ಅದು ಹೊರಕಡೆ ಅನ್ನು."

ನಾನು ಓಡಿಹೋಗಿ ಹಾಗೇ ಒಪ್ಪಿಸಿದೆ. "ಅಪ್ಪಾ, ಅಲ್ಲಿ ಬೇಡವಂತೆ. ಅದು ಹೊರಕಡೆಯಂತೆ."

ಅಪ್ಪನ ಮುಖ ಕೆಂಪಗಾಯಿತು. "ಹೊರಕಡೆ ಹೆಂಗಾಗ್ತದೆ? ಕಲ್ಲಿಂದ ಈಚೆಗೈತೆ, ನಮ್ ಭಾಗ! ಹೋಗಿ ಹೇಳು!"

ಹೇಳಿದೆ. "ಅಯ್ಯೋ, ಅದಲ್ಲ ಕಣ್ಲಾ..." ಅಂದ ಅಜ್ಜಿ ಮುಂದಿನ ಮಾತು ಆಡಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಲ್ಲಿನ ಆಚೆ ಮಾವ ಬ್ರಶ್ ಕಚ್ಚಿಕೊಂಡು ಸುಮ್ಮನೆ ನೋಡುತ್ತಾ ನಿಂತಿದ್ದರು. ಅವರನ್ನು ನೋಡಿಯೇ ಅಪ್ಪ ಗುದ್ದಲಿ ಎತ್ತಿದ್ದು.

ಮಂಡಿಯುದ್ದ ತೋಡುವಾಗ ಗುದ್ದಲಿ ಚಪ್ಪಡಿಗೆ ಬಡಿಯಿತು. ಇನ್ನೊಂದು ಏಟು ಹಾಕಿದರು. ಚಪ್ಪಡಿ ಮುರಿದು ಅಪ್ಪನ ಕಾಲು ತೊಡೆಯವರೆಗೆ ಒಳಗೆ ಹೋಯಿತು. ಆಮೇಲೆ ವಾಸನೆ ಎದ್ದಿತು.

ಒಳಚರಂಡಿ ಬರುವ ಮುಂಚೆ ಆ ಮನೆಯ ಕಕ್ಕಸಿನ ಗುಂಡಿ ಇದ್ದದ್ದು ಅಲ್ಲೇ. ಅಪ್ಪ ಮದುವೆಯಾಗಿ ಬರುವ ಹೊತ್ತಿಗೆ ಅದನ್ನು ಮುಚ್ಚಿಯಾಗಿತ್ತು. ಆ ಹೆಸರನ್ನು ಅಳಿಯನ ಮುಂದೆ ಎತ್ತಲಾಗದೆ ಅಜ್ಜಿ 'ಹೊರಕಡೆ' ಅಂದಿದ್ದಳು. ಅಪ್ಪನಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಲೆಯಲ್ಲಿ ಗಡಿಕಲ್ಲು ಕೂತಿತ್ತು, ಅಷ್ಟೇ.

ಬಾಡಿಗೆ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. "ಬಿಡಿ ಭಾವ, ಗೊಬ್ಬರಕ್ಕೇನೂ ಬರ ಇಲ್ಲ! ನೈದಿಲೆ ಏನು, ಬಾಳೆ ತೋಟಾನೇ ಮಾಡ್ಬೋದು," ಅಂದರು ಮಾವ. ತಾರಸಿ ಮೇಲಿದ್ದವರೆಲ್ಲ ನಕ್ಕರು. ಗೋಲಿ ಆಡುತ್ತಿದ್ದ ನನ್ನ ಗೆಳೆಯರು ಮೂಗು ಹಿಡಿದುಕೊಂಡು ನನ್ನ ಮುಖ ನೋಡಿದರು. ನನ್ನ ಕಿವಿ ಕಾದುಹೋದವು. ಆ ನೆಲ ನನ್ನನ್ನೂ ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

ಆಗ ಅಜ್ಜಿ ತಂಬಿಗೆ ಹಿಡಿದು ಹೊರಗೆ ಬಂದಳು. ಮೊದಲ ಸಲ ಅಪ್ಪನಿಗೆ ನೇರವಾಗಿ, "ಬನ್ನಿ, ಕಾಲು ತೊಳ್ಕೊಳ್ಳಿ. ನನ್ನ ಬಾಯಿಗೆ ಬರ್ಲಿಲ್ಲ ಕಣಪ್ಪಾ," ಅಂದಳು. ಬಗ್ಗಿ ತಾನೇ ನೀರು ಹುಯ್ಯಲು ಹೋದಳು. "ಅತ್ತೆ, ನೀವು ಹುಯ್ಬೇಡಿ," ಅಂದರು ಅಪ್ಪ. ತಲೆ ಎತ್ತಲಿಲ್ಲ.

ಶಾಲೆ ತೆರೆಯುವ ಮುಂಚೆಯೇ ಅಪ್ಪ ಕತ್ರಿಗುಪ್ಪೆಯಲ್ಲಿ ಬಾಡಿಗೆ ಮನೆ ಮಾಡಿದರು. ಹೊಸ ಶಾಲೆ ನನಗೆ ಒಗ್ಗಲಿಲ್ಲ, ವೆಲ್ಡಿಂಗ್ ಶಾಪು ಸೇರಿದೆ. ಅದಕ್ಕೆ ನನಗೆ ಬೇಜಾರಿಲ್ಲ. ಇವತ್ತು ಬನಶಂಕರಿಯಲ್ಲಿ ಎಷ್ಟೋ ಮನೆಗಳ ಗೇಟು ಈ ಕೈಯವು, ನನ್ನ ಮನೆಯೂ ಈ ಕೈಯದೇ.

ಅಜ್ಜಿ ಕತ್ರಿಗುಪ್ಪೆಗೆ ಒಂದೇ ಸಲ ಬಂದಳು, ಡಬ್ಬಿಯಲ್ಲಿ ಕಜ್ಜಾಯ ಹಿಡಿದು. ಹೊಸಿಲ ಹತ್ತಿರವೇ ಕೂತು, "ಅಳಿಯಂದಿರು ಇದಾರಾ?" ಅಂದಳು. ರೂಮಿನೊಳಗಿಂದ ಅಪ್ಪ ಅಮ್ಮನಿಗೆ ಕೈಯಾಡಿಸಿ 'ಇಲ್ಲ ಅನ್ನು' ಅಂದರು. ಅಮ್ಮ ಇಲ್ಲ ಅಂದಳು. ಅಪ್ಪನ ಚಪ್ಪಲಿ ಅಜ್ಜಿಯ ಪಕ್ಕದಲ್ಲೇ ಬಿದ್ದಿದ್ದವು. ಅಜ್ಜಿ ಅವನ್ನು ನೋಡಿದಳು. "ಆಗ್ಲಿ ಬಿಡು, ಆಟೋ ಬಾಡಿಗೆಗೆ ಹೋಗಿರ್ತಾರೆ, ಪಾಪ," ಅಂದು ಮೊಣಕಾಲಿಗೆ ಕೈಯೂರಿ ಎದ್ದಳು.

ಅಪ್ಪನಿಗೆ ಸಿಟ್ಟು ಅಂತ ನಾವೆಲ್ಲ ತಿಳಿದಿದ್ದೆವು. ಅಲ್ಲ, ಆ ಮುಖವನ್ನು ಅವಳಿಗೆ ತೋರಿಸಲು ಅವರಿಗೆ ಧೈರ್ಯವಿರಲಿಲ್ಲ. ಇಬ್ಬರೂ ಈಗಿಲ್ಲ. ಹಿತ್ತಲಿದ್ದಲ್ಲಿ ಬಾಡಿಗೆ ರೂಮುಗಳೆದ್ದಿವೆ. ನನ್ನ ಮನೆಗೆ ಇವತ್ತು ಯಾರೂ ಫೋನ್ ಮಾಡದೆ ಬರುವುದಿಲ್ಲ, ಒಳಗಿದ್ದೂ 'ಇಲ್ಲ' ಅಂತ ಹೇಳಿಸುವ ಪ್ರಸಂಗವೇ ಬರುವುದಿಲ್ಲ. ಬಾಗಿಲ ತನಕ ಬಂದು, ಎಲ್ಲ ನೋಡಿಯೂ, ನಮ್ಮ ಮರ್ಯಾದೆ ಉಳಿಸಿ ಎದ್ದು ಹೋಗುವವರೂ ಯಾರೂ ಇಲ್ಲ.