ನಾಲ್ಕು ಮೂಲೆಗೆ ಅರಿಶಿನ

ಇವತ್ತಿಗೂ ಮನೆಗೆ ಲಗ್ನಪತ್ರಿಕೆ ಬಂದರೆ ನಾನು ಮೊದಲು ನೋಡುವುದು ವಧೂವರರ ಹೆಸರನ್ನಲ್ಲ, ಕಟ್ಟಕಡೆಯ ಸಾಲನ್ನು. ಅಲ್ಲಿ ಯಾವುದಾದರೂ ಕಂಪನಿಯ ಹೆಸರಿದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಮನೆಯವರು ನಗುತ್ತಾರೆ. ನಗಲಿ, ಅವರು ಆ ಹಾಲ್ ನೋಡಿಲ್ಲ.

ಎಂಬತ್ತರ ದಶಕದ ಮಾತು. ಅಪ್ಪ ನಂದಿದುರ್ಗದ ಚಿನ್ನದ ಗಣಿಯಲ್ಲಿ ಕೆಳಗಿಳಿಯುವ ಕೆಲಸದಲ್ಲಿದ್ದ. ನಾವಿದ್ದದ್ದು ಗಣಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಎಡಕ್ಕೆ ತಮಿಳು, ಬಲಕ್ಕೆ ತೆಲುಗು, ನಡುವೆ ನಮ್ಮ ಕನ್ನಡ. ಅಜ್ಜಿಯ ಕಾಯಿಲೆಗೆಂದು ಮಾಡಿದ ಸಾಲದ ಬಡ್ಡಿ ಕಟ್ಟಲು ಇನ್ನೊಂದು ಸಾಲ, ಅದರ ಬಡ್ಡಿಗೆ ಮತ್ತೊಂದು. ಸಂಬಳದ ದಿನ ಅಪ್ಪ ಹೊರಬರುವ ಹೊತ್ತಿಗೆ ಕೊಟ್ಟವರೆಲ್ಲ ಗೇಟಿನಲ್ಲಿ ಕಾದಿರುತ್ತಿದ್ದರು. ಸಾಲದ ಮನೆ ಎಂದು ಗೊತ್ತಾದರೆ ನೆಂಟರು ಬರುವುದನ್ನು ಬಿಡುತ್ತಾರೆ, ಕರೆಯುವುದನ್ನಂತೂ ಮೊದಲೇ ಬಿಡುತ್ತಾರೆ. ಬಂದು ಕೈ ಚಾಚಿಯಾರು ಎಂಬ ಭಯ. ಅಮ್ಮನಿಗಿದ್ದ ಒಬ್ಬನೇ ಅಣ್ಣ ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಅವನೂ ಒಂದು ಸಲ ಕೊಟ್ಟು, ಅದು ವಾಪಸ್ ಬಾರದೆ, ನಮ್ಮ ಬಾಗಿಲು ತುಳಿಯುವುದನ್ನು ನಿಲ್ಲಿಸಿದ್ದ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಅರಿಶಿನ ಕುಂಕುಮವೂ ನಿಂತುಹೋಗಿತ್ತು. ಸಾಲಕ್ಕಾಗಿ ಅಮ್ಮ ಅತ್ತದ್ದನ್ನು ನಾನು ಕಂಡಿಲ್ಲ. ತವರಿಗಾಗಿ ಅತ್ತದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಅಂಥ ಮನೆಗೆ ಒಂದು ದಿನ ಅಂಚೆಯಲ್ಲಿ ದಪ್ಪನೆಯ ಕವರು ಬಂತು. ನಾಲ್ಕು ಮೂಲೆಗೂ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಅಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದನ್ನು ಕಣ್ಣಿಗೊತ್ತಿ ದೇವರ ಪಟದ ಮುಂದಿಟ್ಟಳು. ದೀಪ ಹಚ್ಚಿದ ಮೇಲೆಯೇ ನನ್ನ ಕೈಗೆ ಕೊಟ್ಟು ಓದಿಸಿದ್ದು. ಮೇಲೆ ಗಣೇಶನ ಚಿತ್ರ. ‘ನಮ್ಮಲ್ಲಿ ನಡೆಯುವ ಶುಭಕಾರ್ಯಕ್ಕೆ ತಾವು ಸಕುಟುಂಬ ಸಮೇತರಾಗಿ ಆಗಮಿಸಿ’ ಎಂದು ಕೆಂಪು ಅಕ್ಷರ. ಶುಕ್ರವಾರ ಬೆಳಿಗ್ಗೆಯ ಮುಹೂರ್ತ. ಸ್ಥಳ ಬಂಗಾರಪೇಟೆ, ಮಾರ್ಕೆಟ್ ಹಿಂದಿನ ಬೀದಿ. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಒಂದು ಸಾಲು. ನಮಗೆ ಸ್ಕೂಲಿನಲ್ಲಿ ಇಂಗ್ಲಿಷ್ ಇನ್ನೂ ಶುರುವಾಗಿರಲಿಲ್ಲ.

“ಎಣ್ಣು ಗಂಡಿನ ಎಸ್ರೇ ಇಲ್ವಲ್ಲಮ್ಮ,” ಅಂದೆ.

ಅಮ್ಮ ಪತ್ರಿಕೆಯನ್ನು ತಿರುಗಿಸಿ ನೋಡಿದಳು. ಆಮೇಲೆ ಅವಳ ಮುಖ ಅರಳಿತು. “ಲೇ, ಅದು ಮದ್ವೆ ಅಲ್ಲ ಕಣೆ. ನಮ್ಮಣ್ಣನ ಮಗ್ಳು ದೊಡ್ಡೋಳಾಗವ್ಳೆ. ಒಸಗೆ! ಅದುಕ್ಕೆಲ್ಲ ಎಣ್ಣುಮಗೀನ ಎಸ್ರು ಅಚ್ಚಾಕುಸ್ತಾರಾ?”

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಮಾವನ ಮಗಳಿಗೆ ಆ ವಯಸ್ಸು, ಮಾವನ ಮನೆಯೂ ಮಾರ್ಕೆಟ್ಟಿನ ಆಚೆಯೇ. ತಂಗಿಯನ್ನು ಒಸಗೆಗೆ ಕರೆಯಲು ಅಣ್ಣನೇ ಎಲೆ ಅಡಿಕೆ ಹಿಡಿದು ಬರಬೇಕು, ಅದು ಪದ್ಧತಿ. ಅಂಚೆಯಲ್ಲಿ ಕಳಿಸಿದ್ದು ಅವಮಾನ. ಅಮ್ಮ ಅದನ್ನೂ ನುಂಗಿಕೊಂಡಳು. “ನಾಚ್ಕೆ ಅವುನ್ಗೆ. ಎಂಗೋ, ಕರ್ದವ್ನಲ್ಲ,” ಅಂದಳು.

ಸೋದರತ್ತೆ ಬರಿಗೈಲಿ ಹೋಗುವಂತಿಲ್ಲ. ಲೈನಿಗೆ ಕಂತಿನ ಮೇಲೆ ಬಟ್ಟೆ ಮಾರಲು ಬರುವವನಿಂದ ಒಂದು ರೇಷ್ಮೆಯಂಥ ಸೀರೆ ತೆಗೆದುಕೊಂಡಳು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಕಟ್ಟಿದಳು. ಕೊನೆಗೆ ಕಿವಿಯ ಓಲೆ ಬಿಚ್ಚಿ, ಹುಣಸೆಹಣ್ಣಲ್ಲಿ ಉಜ್ಜಿ, ಕಾಗದದಲ್ಲಿ ಸುತ್ತಿದಳು. ಚಿನ್ನದ ಗಣಿಯ ಊರಲ್ಲಿ ನಮ್ಮ ಮನೆಗೆ ಉಳಿದಿದ್ದ ಚಿನ್ನ ಅಷ್ಟೇ, ತವರಿನವರು ಧಾರೆಯ ದಿನ ಇಟ್ಟದ್ದು. ಅಪ್ಪ ಬೇಡ ಅನ್ನಲಿಲ್ಲ. “ನಾನ್ ಬಂದ್ರೆ ನಿಮ್ಮಣ್ಣ ಮಾತಾಡಾಕಿಲ್ಲ, ನೀನೇ ಓಗ್ಬಾ,” ಅಂದ.

ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಬಂಗಾರಪೇಟೆಯ ಆ ಬೀದಿಯಲ್ಲಿ ನಿಜಕ್ಕೂ ಬಾಳೆಕಂದು ಕಟ್ಟಿತ್ತು, ಮಾವಿನ ತೋರಣವಿತ್ತು, ಟೇಪಿನಲ್ಲಿ ನಾಗಸ್ವರ ಕೇಳುತ್ತಿತ್ತು. ಜರಿ ಸೀರೆಯ ಹುಡುಗಿಯೊಬ್ಬಳು ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟಳು. “ಛತ್ರಾನೇ ಇಡ್ದವ್ನೆ ನಮ್ಮಣ್ಣ,” ಎಂದು ಅಮ್ಮ ನನ್ನ ಕೈ ಒತ್ತಿದಳು.

ಒಳಗೆ ಹಸೆಮಣೆ ಇರಲಿಲ್ಲ. ಉದ್ದುದ್ದ ಬೆಂಚುಗಳು, ಅವುಗಳ ತುಂಬ ಹಬ್ಬದ ಬಟ್ಟೆ ಹಾಕಿಕೊಂಡ ಜನ. ಮಾತಿಲ್ಲ, ನಗುವಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ನಮ್ಮದೇ ಥರದ ಕವರು. ಆ ನಿಶ್ಶಬ್ದದಲ್ಲಿ ನಾಗಸ್ವರ ಮಾತ್ರ ಮೊಳಗುತ್ತಲೇ ಇತ್ತು. ಆ ಹಾಲ್ ನನ್ನ ಕನಸಿಗೆ ಈಗಲೂ ಬರುತ್ತದೆ.

ಎರಡನೇ ಬೆಂಚಿನಲ್ಲಿ ಮಾವ ಕೂತಿದ್ದ.

ಅಮ್ಮ ಸೀರೆ, ಚಿಗಳಿ ಜೋಡಿಸಿ ತಂದಿದ್ದ ತಟ್ಟೆ ಹಿಡಿದುಕೊಂಡೇ ಅವನ ಪಕ್ಕಕ್ಕೆ ಹೋದಳು. “ಅಣ್ಣಾ, ಮಗಾ ಎಲ್ಲಿ?”

ಮಾವ ಬೆಚ್ಚಿಬಿದ್ದ. ಸೀರೆ ನೋಡಿದ, ಚಿಗಳಿ ನೋಡಿದ. “ಯಾವ ಮಗಾ?” ಅಂದವನು, ತನ್ನ ತೊಡೆಯ ಮೇಲಿದ್ದ ಅರಿಶಿನದ ಕವರನ್ನು ಮೆಲ್ಲಗೆ ಎತ್ತಿ ತೋರಿಸಿ, “ನಿಂಗೂ ಬಂತಾ ಇದು?” ಎಂದ. ಅವನ ಅಂಗಡಿಯೂ ಸಾಲದಲ್ಲಿ ಮುಳುಗಿತ್ತು. ನಮ್ಮ ಬಾಗಿಲಿಗೆ ಬಾರದೆ ಹೋದದ್ದು ಸಿಟ್ಟಿಗೋ ನಾಚಿಕೆಗೋ, ಅದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮುಂದೆ ತಕ್ಕಡಿ ಇಟ್ಟ ಮೇಜು. ಸಾಲ ಕೊಡುವ ಕಂಪನಿಯವನು, ಸಫಾರಿ ತೊಟ್ಟವನೊಬ್ಬ, ಮೈಕ್ ಹಿಡಿದು ಕೂಗತೊಡಗಿದ. ಹಳೇ ಸಾಲಗಳನ್ನೆಲ್ಲ ಮರೆತುಬಿಡಿ, ಒಂದೇ ಹೊಸ ಸಾಲದಲ್ಲಿ ಎಲ್ಲ ತೀರಿಸಿ, ಇವತ್ತು ನಿಮ್ಮ ಮನೆಗೆ ಲಕ್ಷ್ಮಿ ಬರುವ ದಿನ, ಚಿನ್ನ ತಂದವರು ಮೊದಲು ಬನ್ನಿ. ಸಾಲದಲ್ಲಿ ಬಿದ್ದವರ ವಿಳಾಸ ಯಾವ ಯಾವ ಗಿರವಿ ಅಂಗಡಿಯಿಂದ ಆರಿಸಿದರೋ, ಅರಿಶಿನ ಹಚ್ಚುವ ಉಪಾಯ ಯಾರಿಗೆ ಹೊಳೆಯಿತೋ! ಅವನ ಮನೆ ಹಾಳಾಗ, ನಮ್ಮ ಜನ ಯಾವ ಕವರನ್ನು ಹರಿದು ಎಸೆಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಓಲೆಯ ಕಾಗದದ ಪೊಟ್ಟಣವನ್ನು ಅಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. “ಮಗೀಗೆ ಅಂತ ತಂದಿದ್ದು. ವಾಪಸ್ ತಕ್ಕೊಂಡೋಗಬಾರ್ದು. ದೊಡ್ಡೋಳಾದಾಗ ಇಕ್ಕು.”

ಮಾವನ ಕಣ್ಣು ತುಂಬಿತು. ಅದು ಸುಳ್ಳಲ್ಲ, ನಾನು ನೋಡಿದೆ. ಅಷ್ಟರಲ್ಲಿ ಮೈಕಿನವನು ಮತ್ತೆ ಕೂಗಿದ. ಮಾವ ಎದ್ದ. ನಮ್ಮ ಕಡೆ ತಿರುಗದೆ, ಮುಷ್ಟಿ ಬಿಗಿಹಿಡಿದು, ತಕ್ಕಡಿಯ ಮುಂದಿನ ಸಾಲಿಗೆ ಹೋಗಿ ನಿಂತ.

ಅಮ್ಮ ಅದನ್ನು ನೋಡಿದಳು. “ನಡಿ,” ಅಂದಳು, ಅಷ್ಟೇ. ವಾಪಸ್ ರೈಲಿನಲ್ಲಿ ಚಿಗಳಿಯನ್ನೆಲ್ಲ ನನಗೇ ತಿನ್ನಿಸಿದಳು.

ಅಪ್ಪ ಬಾಗಿಲಲ್ಲೇ ಕಾದಿದ್ದ. “ಎಂಗಾಯ್ತು? ಮಾತಾಡ್ಸಿದ್ನಾ?”

“ಮಾತಾಡ್ಸದೆ ಏನು? ಆರ್ತಿ ಎತ್ತಿದ್ದೇ ನಾನು. ಮಗೀಗೆ ಓಲೆ ಒಪ್ತು. ನಮ್ಮಣ್ಣ ಸ್ಟೇಷನ್ ಗಂಟ ಬಂದು ರೈಲು ಅತ್ತಿಸ್ದ.” ನನ್ನ ಕಡೆ ತಿರುಗಿದಳು. “ಅಲ್ವೇನೆ?”

ನಾನು ಹೂಂ ಅಂದೆ.

ಕಂತಿನವನಿಗೆ ಸೀರೆಯ ದುಡ್ಡು ಕಟ್ಟುತ್ತಾ ಕಟ್ಟುತ್ತಾ ಆ ಒಸಗೆ ಬೆಳೆಯಿತು. ಅಕ್ಕಪಕ್ಕದವರಿಗೆ ಹೇಳುವಾಗ ಬಂದವರ ಸಂಖ್ಯೆ ಹೆಚ್ಚಿತು, ಅತ್ತಿಗೆ ಮಡಿಲು ತುಂಬಿದ್ದೂ ಸೇರಿಕೊಂಡಿತು. ಮೊದಮೊದಲು ಅದು ಅಪ್ಪನಿಗಾಗಿ ಹೇಳಿದ ಸುಳ್ಳು. ಯಾವಾಗ ಅವಳಿಗೇ ನಿಜವಾಯಿತೋ ನನಗೆ ತಿಳಿಯಲಿಲ್ಲ. ಅಣ್ಣ ತಂಗಿ ಮತ್ತೆ ಭೇಟಿಯಾಗಲೇ ಇಲ್ಲ. ಅಮ್ಮ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ, ಒಂದು ಮಧ್ಯಾಹ್ನ, ಬರಿಯ ಕಿವಿ ಮುಟ್ಟಿಕೊಳ್ಳುತ್ತಾ ಕೇಳಿದಳು: “ಅವತ್ತು ನಮ್ಮಣ್ಣನ ಮನೇಲಿ ಪಾಯ್ಸ ಮಾಡಿದ್ರಾ, ಒಬ್ಬಟ್ಟಾ? ನಂಗೆ ಗ್ಯಾಪ್ಕನೇ ಬರ್ತಿಲ್ಲ ಕಣೆ.”

ಒಬ್ಬಟ್ಟು, ಅಂದೆ.